ಮೈಬಣ್ಣಕ್ಕೊಂದು ಅಳತೆಗೋಲು

ಮದುವೆಯ ಮಾತು ಬಂದಾಗಲೆಲ್ಲ ನನ್ನಜ್ಜಿಯ ಬಾಯಲ್ಲಿ ಬಣ್ಣದ ಪಟ್ಟಿಯೊಂದು ಸಿದ್ಧವಿರುತ್ತಿತ್ತು: ಬಿಳುಪು, ಗೋಧಿಬಣ್ಣ, ಎಣ್ಣೆಗೆಂಪು, ಸಾದುಗಪ್ಪು, ಕಪ್ಪು. ನಾನು ನಾಲ್ಕನೆಯದಕ್ಕೆ ಸೇರಿದವಳು. ಮಾನವಶಾಸ್ತ್ರದ ಚರಿತ್ರೆಯನ್ನು ಓದತೊಡಗಿದ ಮೇಲೆ, ಇಂಥದೇ ಪಟ್ಟಿಗಳು ಒಂದು ಕಾಲಕ್ಕೆ ವಿಜ್ಞಾನವಾಗಿದ್ದವೆಂದು ತಿಳಿಯಿತು.

19ನೇ ಶತಮಾನದಲ್ಲಿ ಫ್ರಾನ್ಸಿನ ಪಾಲ್ ಬ್ರೋಕಾ ಚರ್ಮ, ಕಣ್ಣುಗಳ ಬಣ್ಣ ಗುರುತಿಸಲು ಅಚ್ಚುಹಾಕಿದ ಬಣ್ಣದ ತಖ್ತೆ ತಯಾರಿಸಿದ. ಕಾಗದದ ಬಣ್ಣ ಮಾಸುತ್ತದೆ. ಬರ್ಲಿನ್ನಿನಲ್ಲಿದ್ದ ಫೆಲಿಕ್ಸ್ ಫಾನ್ ಲುಶಾನ್ ಅದರ ಬದಲು 36 ಗಾಜಿನ ಬಿಲ್ಲೆಗಳನ್ನು ಮಾಡಿಸಿದ. ಬಿಸಿಲು ತಾಗದ ಚರ್ಮದ ಪಕ್ಕ, ಸಾಮಾನ್ಯವಾಗಿ ತೋಳಿನ ಒಳಭಾಗದಲ್ಲಿ, ಬಿಲ್ಲೆ ಹಿಡಿದು ಹೊಂದುವ ಸಂಖ್ಯೆ ಬರೆದುಕೊಂಡರೆ ಮುಗಿಯಿತು. ಆದರೆ ಗಾಜು ಹೊಳೆಯುತ್ತದೆ, ಚರ್ಮ ಹಾಗೆ ಹೊಳೆಯುವುದಿಲ್ಲ. ಒಂದೇ ತೋಳಿಗೆ ಇಬ್ಬರು ನೋಡಿದರೆ ಎರಡು ಸಂಖ್ಯೆ. ಸ್ವತಃ ಲುಶಾನ್, 1911ರಲ್ಲಿ ಲಂಡನ್ನಿನಲ್ಲಿ ನಡೆದ ವಿಶ್ವ ಜನಾಂಗಗಳ ಸಮ್ಮೇಳನಕ್ಕೆ ಜನಾಂಗದ ಕಲ್ಪನೆಯ ಬಗ್ಗೆಯೇ ಪ್ರಬಂಧ ಬರೆದವನು. ಅವನ ಬಿಲ್ಲೆಗಳು ಮಾತ್ರ ಜನಾಂಗ ವಿಂಗಡಿಸುವವರ ಪೆಟ್ಟಿಗೆಯಲ್ಲೇ ಊರೂರು ತಿರುಗಿದವು.

1939ರಲ್ಲಿ ಅಮೆರಿಕದ ಎಡ್ವರ್ಡ್ಸ್ ಮತ್ತು ಡಂಟ್ಲಿ ಕಣ್ಣನ್ನು ಬದಿಗಿಟ್ಟು ಯಂತ್ರವನ್ನು ನಂಬಿದರು. ಚರ್ಮದ ಮೇಲೆ ಬೆಳಕು ಬಿಟ್ಟು, ಯಾವ ತರಂಗಾಂತರದಲ್ಲಿ ಎಷ್ಟು ಮರಳಿತೆಂದು ಅಳೆದರು. ಎಲ್ಲರ ಚರ್ಮದಲ್ಲೂ ಕಂಡದ್ದು ಅವೇ ವರ್ಣದ್ರವ್ಯಗಳು: ಮೆಲನಿನ್, ರಕ್ತದ ಹಿಮೋಗ್ಲೋಬಿನ್, ಕ್ಯಾರೋಟಿನ್. ವ್ಯತ್ಯಾಸವೆಲ್ಲ ಪ್ರಮಾಣದ್ದು. ಗೂಡುಗೂಡಾಗಿ ಕಂಡದ್ದು ನಿಜಕ್ಕೂ ಒಂದು ಇಳಿಜಾರು.

1975ರಲ್ಲಿ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಪ್ರಶ್ನೆಯನ್ನೇ ಬದಲಿಸಿದ: ಬಣ್ಣ ಯಾವುದು ಎಂದಲ್ಲ, ಬಿಸಿಲಿಗೆ ನಿಮ್ಮ ಚರ್ಮ ಸುಡುತ್ತದೋ ಕಂದುತ್ತದೋ? ನೇರಳಾತೀತ ಕಿರಣದ ಚಿಕಿತ್ಸೆಗೆ ಪ್ರಮಾಣ ಗೊತ್ತುಮಾಡುವುದು ಅವನ ಉದ್ದೇಶ. ಆದರೂ ಮೊದಲಿಗೆ ಬಿಳಿಯರ ಚರ್ಮಕ್ಕಷ್ಟೇ ವರ್ಗಗಳಿದ್ದವು. ಕಂದು, ಕಪ್ಪು ಚರ್ಮಕ್ಕೆ ಐದನೆಯದೂ ಆರನೆಯದೂ ಆಮೇಲೆ ಸೇರಿದವು.

ಹಾಗಾದರೆ ಅಳೆಯುವುದನ್ನೇ ಬಿಡೋಣವೇ? ಒಮ್ಮೆ ನನಗೂ ಹಾಗನ್ನಿಸಿತ್ತು. ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ ನೆನಪಿದೆಯಲ್ಲ? ಆಮ್ಲಜನಕ ನಿಜಕ್ಕೂ ಕುಸಿದಿದ್ದರೂ ಆ ಯಂತ್ರ ಅದನ್ನು ಕಾಣದೆ ಹೋಗುವುದು ಬಿಳಿಯ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚೆಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಅಲ್ಲಿ ಚರ್ಮದ ಬಣ್ಣವನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಅನ್ಯಾಯ.

ಅಜ್ಜಿಯ ಪಟ್ಟಿಗೂ ವೈದ್ಯರ ಪಟ್ಟಿಗೂ ಇರುವ ಅಂತರ ಗಾಜಿನದೂ ಅಲ್ಲ, ಬೆಳಕಿನದೂ ಅಲ್ಲ. ಅಳೆದ ಮೇಲೆ ಆ ಮನುಷ್ಯನಿಗೆ ಏನು ಸಿಗುತ್ತದೆ ಎಂಬುದರಲ್ಲಿದೆ. ಅಜ್ಜಿಯ ಪಟ್ಟಿಯಿಂದ ನನಗೆ ಸಿಕ್ಕಿದ್ದು ಕಡಲೆಹಿಟ್ಟು, ಅರಿಸಿನ.