ಲಾರಿ ಹತ್ತದ ಹಣ್ಣು: ಮನೆಯಂಗಳದ ಟೊಮ್ಯಾಟೊ ತಳಿಯ ಆಯ್ಕೆಯಲ್ಲಿ ರುಚಿ ಮತ್ತು ಇಳುವರಿಯ ಲೆಕ್ಕ

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ವಿಕಾಸ್ ತಳಿಗೆ ಹೆಕ್ಟೇರಿಗೆ 35ರಿಂದ 40 ಟನ್ ಇಳುವರಿ ಎಂದು ವಿವರಣೆ ಇದೆ. ತಾರಸಿಯ ಮೇಲೆ ನಾಲ್ಕು ಕುಂಡ ಇಟ್ಟುಕೊಂಡವರು ಈ ಅಂಕಿಯನ್ನು ಹೇಗೆ ಓದಿಕೊಳ್ಳಬೇಕು? ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 45 ಸೆಂ.ಮೀ. ಬಿಟ್ಟು ನೆಟ್ಟರೆ ಹೆಕ್ಟೇರಿಗೆ ಸುಮಾರು 37,000 ಸಸಿ ಹಿಡಿಯುತ್ತವೆ. ಭಾಗಿಸಿ ನೋಡಿದರೆ ಗಿಡವೊಂದಕ್ಕೆ ಒಂದು ಕೆ.ಜಿ.ಯ ಆಸುಪಾಸು. ಮಳೆಯಾಶ್ರಯದ ಬೇಸಾಯಕ್ಕೆಂದೇ ಬಂದ ಅರ್ಕಾ ಮೇಘಾಲಿಯದು 18 ಟನ್. ಅದೇ ಅಂತರದಲ್ಲಿ ಗಿಡಕ್ಕೆ ಅರ್ಧ ಕೆ.ಜಿ. ಟನ್ನಿನ ಲೆಕ್ಕದಲ್ಲಿ ಹಿರಿದಾಗಿ ಕಂಡದ್ದು ಕುಂಡದ ಮುಂದೆ ನಿಂತಾಗ ಬೇರೆಯೇ ಆಗಿ ಕಾಣುತ್ತದೆ. ಹೊಲದ ಗಿಡ ಒತ್ತೊತ್ತಾಗಿ ನಿಂತು ಹಂಚಿಕೊಂಡು ಬೆಳೆದದ್ದು. ಮನೆಯ ಗಿಡಕ್ಕೆ ಸುತ್ತಲೂ ಬೆಳಕಿದೆ, ದಿನವೂ ನೋಡುವ ಕಣ್ಣಿದೆ. ಆದರೆ ಬೇರಿಗೆ ಸಿಗುವುದು ಒಂದು ಚೀಲದ ಮಣ್ಣು ಮಾತ್ರ.

ತಳಿಗಳ ವಿವರಣೆಯನ್ನು ಸಾಗಣೆಯ ಲಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ, ಮನೆಯಲ್ಲಿ ಬೆಳೆಯುವವರು ಅದನ್ನು ಬೇರೆ ಕ್ರಮದಲ್ಲಿ ಓದಬೇಕು ಎಂಬುದು ಈ ಲೇಖನದ ವಾದ. ಕೋಲಾರದ ಮಾರುಕಟ್ಟೆಯಿಂದ 15 ಕೆ.ಜಿ. ಬಾಕ್ಸುಗಳಲ್ಲಿ ಹೊರಡುವ ಹಣ್ಣು ಉತ್ತರ ಭಾರತದವರೆಗೂ ಹೋಗಬೇಕು. ಅದಕ್ಕಾಗಿ ದೋರೆಗಾಯಿಯಲ್ಲೇ ಕೀಳುತ್ತಾರೆ, ಗೋಡೆ ದಪ್ಪವಿರುವ, ಸಿಪ್ಪೆ ಗಟ್ಟಿಯಿರುವ ತಳಿಯನ್ನೇ ನೆಡುತ್ತಾರೆ. ಸಾಲ ಮಾಡಿ ಬೆಳೆ ಇಟ್ಟ ರೈತನಿಗೆ ಆ ಗಟ್ಟಿತನವೇ ರಕ್ಷೆ. ಪೇಟೆಯಲ್ಲಿ ಕೂತು ಅದನ್ನು ಹಳಿಯುವುದು ಅನ್ಯಾಯ. ಆದರೆ ಒಲೆಯಿಂದ ಹತ್ತು ಹೆಜ್ಜೆ ದೂರದಲ್ಲಿರುವ ಗಿಡಕ್ಕೆ ಆ ಗುಣ ಯಾವುದಕ್ಕೂ ಬೇಕಾಗಿಲ್ಲ. ಬೇಡದ ಗುಣಕ್ಕೆ ನಾವು ಏನನ್ನು ಕಳೆದುಕೊಳ್ಳುತ್ತಿದ್ದೇವೆ ಎಂಬುದನ್ನು ಮೊದಲು ನೋಡಬೇಕು.

ಅದಕ್ಕೆ ರುಚಿ ಎಂದರೇನು ಎಂಬುದು ತೀರ್ಮಾನವಾಗಬೇಕು. ಟೊಮ್ಯಾಟೊ ಹಣ್ಣಿನಲ್ಲಿ ನೂರಕ್ಕೆ 93ರಿಂದ 95 ಪಾಲು ನೀರು. ಉಳಿದ ಘನಾಂಶದಲ್ಲಿ ಹೆಚ್ಚುಕಡಿಮೆ ಅರ್ಧ ಸಕ್ಕರೆ: ಗ್ಲೂಕೋಸ್ ಮತ್ತು ಫ್ರಕ್ಟೋಸ್. ಹುಳಿ ಕೊಡುವುದು ಮುಖ್ಯವಾಗಿ ಸಿಟ್ರಿಕ್ ಆಮ್ಲ, ಜೊತೆಗೆ ಒಂದಿಷ್ಟು ಮ್ಯಾಲಿಕ್ ಆಮ್ಲ. ಇವುಗಳ ಮೇಲೆ ಪರಿಮಳ. ಹಣ್ಣಿನಲ್ಲಿ ಗುರುತಿಸಿರುವ ಆವಿಶೀಲ ಸಂಯುಕ್ತಗಳು 400ಕ್ಕೂ ಹೆಚ್ಚಿದ್ದರೂ ನಮ್ಮ ಮೂಗಿಗೆ ಲೆಕ್ಕಕ್ಕೆ ಬರುವವು ಇಪ್ಪತ್ತು ಮೂವತ್ತು ಇದ್ದಾವು. ಕೆಲವು ಕೊಬ್ಬಿನಾಮ್ಲಗಳಿಂದ ಹುಟ್ಟುತ್ತವೆ, ಕೆಲವು ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲದಿಂದ, ಇನ್ನು ಕೆಲವು ಹಣ್ಣಿಗೆ ಬಣ್ಣ ಕೊಡುವ ಕೆರೋಟಿನಾಯ್ಡುಗಳೇ ಒಡೆದು ಹುಟ್ಟುತ್ತವೆ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಕ್ಲೀ ಅವರ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನ ಹಳೆಯ ತಳಿಗಳ ಹಣ್ಣನ್ನು ಜನರಿಗೆ ತಿನ್ನಿಸಿ ಅವರ ಮೆಚ್ಚುಗೆಯನ್ನು ರಸಾಯನದೊಡನೆ ತಾಳೆ ನೋಡಿತು. ಸಕ್ಕರೆ ಹೆಚ್ಚಿರದಿದ್ದರೂ ಕೆಲವು ಪರಿಮಳದ್ರವ್ಯಗಳು ಹಣ್ಣು ಸಿಹಿಯೆಂದು ನಾಲಿಗೆಗೆ ಅನ್ನಿಸುವಂತೆ ಮಾಡುತ್ತವೆ ಎಂಬುದು ಅದರಲ್ಲಿ ಕಂಡ ಮುಖ್ಯ ಸಂಗತಿ. 2017ರಲ್ಲಿ ಅದೇ ಕೆಲಸದ ಮುಂದುವರಿಕೆಯಾಗಿ 398 ತಳಿಗಳ ಜೀನೋಮ್ ಪರಿಶೀಲಿಸಿದಾಗ, ಹಳೆಯ ತಳಿಗಳಿಗೆ ಹೋಲಿಸಿದರೆ ಆಧುನಿಕ ವಾಣಿಜ್ಯ ತಳಿಗಳಲ್ಲಿ 13 ಪರಿಮಳದ್ರವ್ಯಗಳು ಗಣನೀಯವಾಗಿ ಇಳಿದಿದ್ದವು. ಯಾರೂ ಬೇಕೆಂದು ತೆಗೆದದ್ದಲ್ಲ. ಅಳೆಯದ ಗುಣ ಪೀಳಿಗೆಯಿಂದ ಪೀಳಿಗೆಗೆ ಜಾರಿಹೋಯಿತು.

ಬಣ್ಣದ ಕಥೆಯೂ ಹೀಗೆಯೇ. ನಾಟಿ ಕಾಯಿಯ ತೊಟ್ಟಿನ ಸುತ್ತ ಕಡುಹಸಿರಿನ ಭುಜವೊಂದಿರುತ್ತದೆ. ಎಲ್ಲ ಕಡೆಯೂ ಒಂದೇ ಸಮನೆ ತಿಳಿಹಸಿರಾಗಿದ್ದು ಒಂದೇ ಸಮನೆ ಕೆಂಪಾಗುವ ಕಾಯಿ ನೋಟಕ್ಕೆ ಚೆಂದವೆಂದು, ಕೊಯ್ಲಿಗೆ ಸುಲಭವೆಂದು ತಳಿತಜ್ಞರು ದಶಕಗಳ ಕಾಲ ಅದನ್ನೇ ಆಯ್ದರು. ಆ ಸಮಬಣ್ಣಕ್ಕೆ ಕಾರಣ ಜಿಎಲ್‌ಕೆ2 ಎಂಬ ಜೀನ್ ಕೆಟ್ಟಿರುವುದು ಎಂದು 2012ರಲ್ಲಿ ತಿಳಿದುಬಂತು. ಆ ಜೀನ್ ಕಾಯಿಯಲ್ಲಿ ಹರಿತ್ತಿನ ಕಣಗಳನ್ನು ಬೆಳೆಸುತ್ತದೆ. ಅದಿಲ್ಲದ ಕಾಯಿ ತಾನೇ ಕೂಡಿಸಿಕೊಳ್ಳಬೇಕಾದ ಸಕ್ಕರೆಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಸಸಿ ಕೊಳ್ಳುವಾಗ ಇದನ್ನು ಕಾಣಲಾಗದು ನಿಜ. ಆದರೆ ಬೀಜ ಎತ್ತಿಡುವವರಿಗೆ ಹಸಿರು ಭುಜ ಒಳ್ಳೆಯ ಗುರುತು.

ಇಲ್ಲಿ ಒಂದು ಎಚ್ಚರ ಬೇಕು. ಮೇಲಿನ ಅಧ್ಯಯನಗಳಲ್ಲಿ ಜನ ರುಚಿ ನೋಡಿದ್ದು ಹಸಿ ಹಣ್ಣನ್ನು, ಅವರು ಮೆಚ್ಚಿದ್ದು ಹೆಚ್ಚಾಗಿ ಸಿಹಿಯನ್ನು. ನಮ್ಮ ಅಡುಗೆಯ ಅಳತೆಗೋಲು ಅದಲ್ಲ. ಕನ್ನಡದ ಅಡುಗೆಮನೆಗೆ ಟೊಮ್ಯಾಟೊ ತಡವಾಗಿ ಬಂದ ಅತಿಥಿ. ಶ್ರಾದ್ಧದ ಅಡುಗೆಗೆ ಹಲವು ಮನೆಗಳಲ್ಲಿ ಇಂದಿಗೂ ಅದನ್ನು ಬಳಸುವುದಿಲ್ಲ. ಬಂದ ಮೇಲೆ ಅದು ಕೂತದ್ದು ಹುಣಸೆ, ಅಮಟೆ, ಮಾವಿನಕಾಯಿ, ನಿಂಬೆಗಳ ಪಂಕ್ತಿಯಲ್ಲಿ, ಹುಳಿ ಕೊಡುವ ಪದಾರ್ಥವಾಗಿ. ಸಾರಿಗೆ ಕಿವುಚಿ ಹಾಕುವ, ಗೊಜ್ಜಿಗೆ ಬಾಡಿಸುವ ಹಣ್ಣಿನಲ್ಲಿ ಪರಿಮಳದ್ರವ್ಯಗಳ ಬಹುಪಾಲು ಕುದಿಯುವಾಗಲೇ ಆವಿಯಾಗಿ ಹೋಗುತ್ತವೆ. ಪಾತ್ರೆಯಲ್ಲಿ ಉಳಿಯುವುದು ಆಮ್ಲ, ಸಕ್ಕರೆ ಮತ್ತು ಗ್ಲುಟಾಮಿಕ್ ಆಮ್ಲ. ಈ ಕೊನೆಯದು ನಾಲಿಗೆಯಲ್ಲಿ ನಿಲ್ಲುವ ತುಂಬುರುಚಿಯನ್ನು ಕೊಡುವಂಥದ್ದು. ಇದು ಹೊರಗೋಡೆಯ ತಿರುಳಿಗಿಂತ ಬೀಜದ ಸುತ್ತಲಿನ ಲೋಳೆಯಲ್ಲಿ ಬಹಳ ಹೆಚ್ಚಿರುತ್ತದೆ. ಹುಳಿಯೂ ಅಲ್ಲೇ ಹೆಚ್ಚು. ಹಾಗಾಗಿ ಲಾರಿಗಾಗಿ ಗೋಡೆ ದಪ್ಪವಾಗಿಸಿದ, ಲೋಳೆ ಕಡಿಮೆಯಾದ ಹಣ್ಣು ಸಾರಿನಲ್ಲಿ ಸಪ್ಪೆ ಎನಿಸಿದರೆ ಅದು ಅಜ್ಜಿಯಂದಿರ ಹಳೆಯ ಕಾಲದ ಮೋಹವಲ್ಲ. ಬೆಂಗಳೂರಿನ ಸಂತೆಗಳಲ್ಲಿ ಗೀರುಗೀರಾದ, ಚಪ್ಪಟೆ ನಾಟಿ ಟೊಮ್ಯಾಟೊವನ್ನು ಸಾರಿಗೆಂದೇ ಹುಡುಕಿ ಕೊಳ್ಳುವ ಹೆಂಗಸರು ಈ ರಸಾಯನವನ್ನು ಕೈಯಿಂದಲೇ ಬಲ್ಲರು. ಕಾಯಿಗೊಜ್ಜಿಗೆ, ಟೊಮ್ಯಾಟೊಬಾತಿಗೆ ಅವರು ಬೇರೆ ಹಣ್ಣು ತೆಗೆದುಕೊಳ್ಳುತ್ತಾರೆ. ಕೋಸಂಬರಿಗೆ ಹಸಿಯಾಗಿ ಹೆಚ್ಚಿ ಹಾಕುವಲ್ಲಿ ಮಾತ್ರ ಕ್ಲೀ ಅವರ ಪರಿಮಳದ ಪಟ್ಟಿ ನಮಗೂ ಪೂರ್ತಿ ಅನ್ವಯಿಸುತ್ತದೆ.

ಇನ್ನು ಇಳುವರಿ. ಎಲೆ ಸಕ್ಕರೆ ಮಾಡುತ್ತದೆ, ಕಾಯಿ ಅದನ್ನು ಹಂಚಿಕೊಳ್ಳುತ್ತದೆ. ಕಾಯಿ ಹೆಚ್ಚಿದಷ್ಟೂ, ದಪ್ಪವಾದಷ್ಟೂ ಪಾಲು ತೆಳುವಾಗುತ್ತದೆ. ರುಚಿಗೂ ತೂಕಕ್ಕೂ ಇರುವ ವೈರದ ಬೇರು ಇದು. ಬಳ್ಳಿಯಂತೆ ಬೆಳೆಯುತ್ತಲೇ ಹೋಗುವ ತಳಿಗಳಲ್ಲಿ ಒಂದು ಹೂಗೊಂಚಲಿಗೂ ಮುಂದಿನದಕ್ಕೂ ನಡುವೆ ಮೂರು ಎಲೆಗಳಿರುತ್ತವೆ. ಗಿಡ್ಡ ತಳಿಗಳಲ್ಲಿ ಒಂದೋ ಎರಡೋ. ಆಮೇಲೆ ತುದಿಯೇ ಹೂವಾಗಿ ಬೆಳವಣಿಗೆ ನಿಲ್ಲುತ್ತದೆ. ಈ ಗಿಡ್ಡತನ 1914ರಲ್ಲಿ ಫ್ಲಾರಿಡಾದಲ್ಲಿ ತಾನಾಗಿ ಕಾಣಿಸಿಕೊಂಡ ಒಂದು ರೂಪಾಂತರದ ಕೊಡುಗೆ. ಒಮ್ಮೆಗೇ ಕೊಯ್ದು ಮುಗಿಸುವ ಹೊಲಕ್ಕೆ ಅದು ವರ. ಜಗತ್ತಿನ ಯಂತ್ರಕೊಯ್ಲು ನಿಂತಿರುವುದೇ ಅದರ ಮೇಲೆ. ಮನೆಗೆ ಒಮ್ಮೆಗೇ ಎಂಟು ಕೆ.ಜಿ. ಬಂದರೆ ಅರ್ಧ ಹಂಚಬೇಕು, ಮಿಕ್ಕಿದ್ದು ಕೊಳೆಯುತ್ತದೆ. ಮನೆಯವರಿಗೆ ಇಳುವರಿಯೆಂದರೆ ಎಷ್ಟು ವಾರ ಪೇಟೆಯ ಹಣ್ಣು ಕೊಳ್ಳದೆ ಸಾರು ಮಾಡಿದೆವು ಎಂಬುದು. ಆ ಅಳತೆಯಲ್ಲಿ ಬಳ್ಳಿತಳಿ ಗೆಲ್ಲುತ್ತದೆ: ಎಲೆಯ ಪಾಲು ಹೆಚ್ಚು, ಕೊಯ್ಲಿನ ಕಾಲ ಉದ್ದ. ಬೆಲೆಯಾಗಿ ಆಳೆತ್ತರದ ಕೋಲು, ವಾರಕ್ಕೊಮ್ಮೆ ಕಂಕುಳ ಕವಲು ಚಿವುಟುವ ಶ್ರಮ, ದೊಡ್ಡ ಚೀಲದ ಮಣ್ಣು ಕೊಡಬೇಕು. ಬರೀ ಗಾಳಿಗೆ ಒಡ್ಡಿಕೊಂಡ ತಾರಸಿಯಾದರೆ, ಕೋಲು ಹೂಡಲು ಜಾಗವಿಲ್ಲದಿದ್ದರೆ, ಗಿಡ್ಡತಳಿಯನ್ನೇ ಮೂರು ವಾರದ ಅಂತರದಲ್ಲಿ ಎರಡೆರಡು ಸಸಿಯಂತೆ ನೆಡುವುದು ಮೇಲು.

ಚೆರ್ರಿ ಟೊಮ್ಯಾಟೊವಿನ ಬಗ್ಗೆ ನಮ್ಮಲ್ಲಿ ಇರುವ ಉದಾಸೀನ ನನಗೆ ಸರಿಯೆನಿಸುವುದಿಲ್ಲ. ಸಾಮಾನ್ಯ ಹಣ್ಣಿನ ರಸದ ಬ್ರಿಕ್ಸ್ (ಕರಗಿದ ಸಕ್ಕರೆಯ ಅಳತೆ) 4ರಿಂದ 6 ಇದ್ದರೆ ಚೆರ್ರಿಯದು 8ರ ಆಚೆಗೂ ಹೋಗುತ್ತದೆ. ಗಾತ್ರ ಕುಗ್ಗಿದಂತೆ ಸಕ್ಕರೆ ಏರುವ ನಿಯಮಕ್ಕೆ ಅದೇ ಸಾಕ್ಷಿ. ಹುಳಿಯೂ ಅದರಲ್ಲಿ ಕಡಿಮೆಯಿಲ್ಲ. ಹೆಚ್ಚಲು ಬೇಸರವೆನ್ನುವವರು ಕೈಯಲ್ಲೇ ಕಿವುಚಿ ಸಾರಿಗೆ ಹಾಕಿ ನೋಡಬೇಕು.

ಇಷ್ಟೆಲ್ಲ ಲೆಕ್ಕ ಹಾಕಿ ಆಯ್ದ ತಳಿಯನ್ನು ಒಂದೇ ಬೇಸಿಗೆ ಮುಗಿಸಿಬಿಡಬಲ್ಲದು. ಬಿಳಿನೊಣ ಹರಡುವ ಎಲೆ ಮುದುರು ನಂಜುರೋಗ ದಕ್ಷಿಣ ಕರ್ನಾಟಕದ ಟೊಮ್ಯಾಟೊವಿನ ದೊಡ್ಡ ಶತ್ರು. ಆ ನೊಣದ ಹೆಚ್ಚು ಆಕ್ರಮಣಕಾರಿಯಾದ ಬಿ ಬಗೆಯು ಭಾರತದಲ್ಲಿ ಮೊದಲು ಗುರುತಾದದ್ದು 1999ರಲ್ಲಿ, ಕೋಲಾರದಲ್ಲೇ. ಎಳೆ ಸಸಿಗೆ ನಂಜು ತಗುಲಿದರೆ ಗಿಡ ಮುದುಡಿ ನಿಲ್ಲುತ್ತದೆ. ಅಲ್ಲಿಗೆ ರುಚಿಯ ಮಾತೂ ಇಲ್ಲ, ಇಳುವರಿಯ ಮಾತೂ ಇಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಬಂದ ಸಂಕ್ರಾಂತಿ, ನಂದಿ, ವೈಭವ್ ತಳಿಗಳ ಮಹತ್ವ ಇಲ್ಲಿದೆ. ಇವು ನಂಜನ್ನು ತಾಳಿಕೊಳ್ಳುತ್ತವೆ, ಹೈಬ್ರಿಡ್ ಅಲ್ಲವಾದ್ದರಿಂದ ಬೀಜ ಎತ್ತಿಡಲೂ ಬರುತ್ತದೆ. ಅರ್ಕಾ ರಕ್ಷಕ್ ಈ ನಂಜು, ಸೊರಗು ರೋಗ, ಮುಂಗಡ ಅಂಗಮಾರಿ ಮೂರನ್ನೂ ಎದುರಿಸುವ ಹೈಬ್ರಿಡ್. ತೂಕದಲ್ಲಿ ಅದನ್ನು ಸರಿಗಟ್ಟುವವು ಕಡಿಮೆ. ಹಣ್ಣು ಗಟ್ಟಿ, ಬಹುದಿನ ತಾಳುವಂಥದ್ದು. ಎಂದರೆ ಲಾರಿಗೆ ಹೊಂದುವಂಥದ್ದು. ಮೊದಲ ಬಾರಿ ಬೆಳೆಯುವವರಿಗೆ, ಬೇಸಿಗೆಯಲ್ಲಿ ನೆಡಲೇಬೇಕಾದವರಿಗೆ ನಾನು ಇದನ್ನೇ ಹೇಳುವುದು. ಗಿಡ ಉಳಿದರೆ ತಾನೇ ಮಾತು. ಚಳಿಗಾಲದ ಕುಂಡಕ್ಕೆ ಮಾತ್ರ ಬೇಡ.

ಕರಾವಳಿಯ ಹುಳಿಮಣ್ಣಿನಲ್ಲಿ, ಮಳೆ ತೇವದಲ್ಲಿ ಮುಖ್ಯ ತೊಡಕು ಸೊರಗು ರೋಗ. ಬೆಳಿಗ್ಗೆ ಚೆನ್ನಾಗಿದ್ದ ಗಿಡ ಮಧ್ಯಾಹ್ನ ಹಸಿರಾಗಿಯೇ ಬಾಡುತ್ತದೆ, ಎರಡು ದಿನದಲ್ಲಿ ಸಾಯುತ್ತದೆ. ಅಲ್ಲಿಗೆ ಅರ್ಕಾ ಆಭಾ, ಅರ್ಕಾ ಆಲೋಕ್ ಸಲ್ಲುತ್ತವೆ. ಎರಡರ ಮೂಲವೂ ತೈವಾನಿನ ತರಕಾರಿ ಸಂಶೋಧನಾ ಕೇಂದ್ರದ ಸಾಲುಗಳು. ರೋಗ ತಡೆಯುವ ಬದನೆಯ ಬೇರುಕಾಂಡಕ್ಕೆ ಟೊಮ್ಯಾಟೊ ಕಸಿ ಮಾಡುವುದು ಇನ್ನೊಂದು ದಾರಿ. ಈ ದಾರಿಯಲ್ಲಿ ರುಚಿಯ ತಳಿಯನ್ನೇ ಮೇಲೆ ಉಳಿಸಿಕೊಳ್ಳಬಹುದು. ಕಲಬುರಗಿ, ರಾಯಚೂರಿನ ಕಡೆ ತಳಿಗಿಂತ ತಿಂಗಳು ಮುಖ್ಯ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ತಣಿಯದಿದ್ದರೆ ಪರಾಗ ಕೆಡುತ್ತದೆ, ಹೂ ಉದುರುತ್ತದೆ. ಕಚ್ಚಿದ ಕಾಯಿಯೂ 30 ಡಿಗ್ರಿಯ ಮೇಲೆ ಕೆಂಪು ವರ್ಣ ಕಟ್ಟಲಾರದೆ ಕಿತ್ತಳೆಗೇ ನಿಲ್ಲುತ್ತದೆ. ಕೆರೋಟಿನಾಯ್ಡಿನಿಂದಲೇ ಪರಿಮಳದ ಒಂದು ಪಾಲು ಹುಟ್ಟುವುದನ್ನು ನೆನೆದರೆ ನಷ್ಟ ಬಣ್ಣಕ್ಕಷ್ಟೇ ಅಲ್ಲ. ಅಲ್ಲಿ ಸೆಪ್ಟೆಂಬರಿನಲ್ಲಿ ಸಸಿಮಡಿ ಮಾಡಿ ಚಳಿಗಾಲದ ಹಣ್ಣು ತಿನ್ನುವುದೇ ವಿವೇಕ. ಬೆಂಗಳೂರಿನ 900 ಮೀಟರ್ ಎತ್ತರಕ್ಕೆ ಈ ವಿಷಯದಲ್ಲಿ ದೊಡ್ಡ ಅನುಕೂಲವಿದೆ, ಅಲ್ಲಿಯವರು ಅದನ್ನು ಸಾಕಷ್ಟು ಬಳಸಿಕೊಂಡಿಲ್ಲ.

ಹೀಗಾಗಿ ಆಯ್ಕೆಯ ಕ್ರಮ ತಿರುಗುಮುರುಗಾಗುತ್ತದೆ. ಮೊದಲು ಊರು ಮತ್ತು ತಿಂಗಳು, ಆ ಕಾಲದ ರೋಗ, ಆಮೇಲೆ ಗಿಡದ ಬೆಳವಣಿಗೆಯ ಬಗೆ, ಆಮೇಲೆ ಅಡುಗೆ. ಟನ್ನು ಕೊನೆಗೆ. ದಕ್ಷಿಣದ ಒಳನಾಡಿನಲ್ಲಿ ಅಕ್ಟೋಬರ್ ನಾಟಿಗೆ ಐದು ಚೀಲದ ಜಾಗವಿದ್ದರೆ ಎರಡರಲ್ಲಿ ನಾಟಿ, ಇಲ್ಲವೇ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಹಳೆಯ ತಳಿ ಪೂಸಾ ರೂಬಿಯನ್ನು ಇಡಬಹುದು. ಅದು ಸೂ ಮತ್ತು ಇಂಪ್ರೂವ್ಡ್ ಮೀರತಿಗಳ ಸಂಕರ. ಚಪ್ಪಟೆ, ಸಣ್ಣ ಗೀರು, ಸಾರಿಗೆ ಒಗ್ಗುವ ಹುಳಿ. ಎರಡರಲ್ಲಿ ಅರ್ಕಾ ವಿಕಾಸ್. ನೀರಿನ ಕೊರತೆಯನ್ನು ತಾಳುವ ಗುಣ ಕುಂಡದಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಒಂದರಲ್ಲಿ ಚೆರ್ರಿ ಬಳ್ಳಿ.

ನೀರಿನ ವಿಷಯಕ್ಕೆ ಬಂದರೆ, ಕಾಯಿ ಬಲಿತ ಮೇಲೆ ನೀರನ್ನು ಸ್ವಲ್ಪ ಬಿಗಿಹಿಡಿದರೆ ತೂಕ ಕಡಿಮೆಯಾಗಿ ಸಕ್ಕರೆ ಗಟ್ಟಿಯಾಗುತ್ತದೆ. ಮಾರುವವನು ಹೀಗೆ ಮಾಡಲಾರ, ನಾವು ಮಾಡಬಲ್ಲೆವು. ಆದರೆ ಒಂದು ದಿನ ಒಣಗಿಸಿ ಮರುದಿನ ತುಂಬಿಸುವ ಅಭ್ಯಾಸದಿಂದ ಸುಣ್ಣದಂಶ ಕಾಯಿಯ ತುದಿಗೆ ಮುಟ್ಟದೆ ಅಡಿ ಕಪ್ಪಾಗಿ ಕೊಳೆಯುತ್ತದೆ. ಬಿಗಿಹಿಡಿಯುವುದೂ ಒಂದೇ ಸಮನಾಗಿರಬೇಕು.

ಗಿಡದಲ್ಲೇ ಪೂರ್ತಿ ಕೆಂಪಾದ ಹಣ್ಣನ್ನು ತಂದು ಫ್ರಿಜ್ಜಿನಲ್ಲಿಟ್ಟರೆ ಪಟ್ಟ ಶ್ರಮವೆಲ್ಲ ಅರ್ಧಕ್ಕರ್ಧ ವ್ಯರ್ಥ. 5 ಡಿಗ್ರಿಯಲ್ಲಿ ವಾರವಿಟ್ಟ ಹಣ್ಣಿನಲ್ಲಿ ಸಕ್ಕರೆ, ಆಮ್ಲ ಹಾಗೆಯೇ ಇದ್ದರೂ ಪರಿಮಳ ತಯಾರಿಸುವ ಜೀನ್‌ಗಳು ತಣ್ಣಗಾಗಿ ಮಲಗುತ್ತವೆ, ಹೊರಗೆ ತೆಗೆದಿಟ್ಟರೂ ಪೂರ್ತಿ ಏಳುವುದಿಲ್ಲ ಎಂದು 2016ರ ಅಧ್ಯಯನವೊಂದು ತೋರಿಸಿದೆ. ಬುಟ್ಟಿಯೇ ಸಾಕು.

ಬೀಜಕ್ಕೆ ಮೊದಲ ಹಣ್ಣನ್ನೇ ಬಿಡಬೇಕೆಂದಿಲ್ಲ; ನಂಜು ತಗುಲದೆ ನಿಂತ, ಕೊನೆಯವರೆಗೆ ಕಾಯಿ ಕೊಟ್ಟ ಗಿಡದ, ತಿಂದು ರುಚಿ ನೋಡಿದ ಹಣ್ಣಾಗಿರಬೇಕು. ಟೊಮ್ಯಾಟೊ ಹೂ ಬಹುಮಟ್ಟಿಗೆ ತನ್ನ ಪರಾಗವನ್ನೇ ತಾನು ಪಡೆಯುವುದರಿಂದ ನಾಟಿಯ ಬೀಜ ನಾಟಿಯಾಗಿಯೇ ಬರುತ್ತದೆ. ಹೈಬ್ರಿಡ್ಡಿನದು ಮುಂದಿನ ಪೀಳಿಗೆಯಲ್ಲಿ ಚದುರುತ್ತದೆ. ಲೋಳೆಸಹಿತ ಬೀಜವನ್ನು ಲೋಟದಲ್ಲಿ ಎರಡು ಮೂರು ದಿನ ಹುಳಿಯಲು ಬಿಟ್ಟು, ತೊಳೆದು, ತಳದಲ್ಲಿ ಕೂತದ್ದನ್ನು ನೆರಳಲ್ಲಿ ಒಣಗಿಸಿ, ಪೊಟ್ಟಣದ ಮೇಲೆ ತಿಂಗಳು ಬರೆದು, ಯಾವ ಅಡುಗೆಗೆ ಒಗ್ಗಿತು ಎಂಬುದನ್ನೂ ಬರೆದಿಡಬೇಕು.