ಅಂಗುಲಕ್ಕೆ ಎಷ್ಟು ಕುಣಿಕೆ?



ನಾನು ಮೊದಲ ಸಲ ಹೆಣೆದ ಸ್ವೆಟರ್ ಅಪ್ಪನಿಗಾಗಿ. ಪುಸ್ತಕದಲ್ಲಿ 200 ಕುಣಿಕೆ ಎಂದಿತ್ತು, ನಾನೂ 200 ಹಾಕಿದೆ. ಒಂದೇ ಒಂದು ಕುಣಿಕೆ ತಪ್ಪಿರಲಿಲ್ಲ. ಆದರೆ ಸಿದ್ಧವಾದ ಸ್ವೆಟರ್‌ನೊಳಗೆ ಅಪ್ಪನ ಜೊತೆ ಚಿಕ್ಕಪ್ಪನೂ ಕೂರಬಹುದಿತ್ತು! ಪುಸ್ತಕ ಹೇಳಿದ್ದು ತೆಳು ಉಣ್ಣೆ. ಅಂಗಡಿಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಚೆಂದದ ನೀಲಿ ಬಣ್ಣದ ದಪ್ಪ ದಾರ. ಲೆಕ್ಕ ತಪ್ಪಿದ್ದು ಅಲ್ಲೇ.

ನಮ್ಮ ನಾಡಿನಲ್ಲಿ ಉಣ್ಣೆ ಎಂದರೆ ಮೊದಲು ನೆನಪಾಗುವುದು ಕುರುಬರ ಕಂಬಳಿ. ಅದು ನೇಯ್ಗೆ. ನೇಯ್ದ ಬಟ್ಟೆಯನ್ನು ಆಮೇಲೆ ಅಳತೆಗೆ ಕತ್ತರಿಸಬಹುದು. ಹೆಣಿಗೆಯಲ್ಲಿ ಹಾಗಲ್ಲ, ಬಟ್ಟೆಯೂ ಉಡುಪಿನ ಆಕಾರವೂ ಒಟ್ಟಿಗೇ ಹುಟ್ಟುತ್ತವೆ. ಆದ್ದರಿಂದ ಅಂಗುಲಕ್ಕೆ ಎಷ್ಟು ಕುಣಿಕೆ ಎಂಬ ಒಂದು ಸಂಖ್ಯೆಯ ಮೇಲೆ ಎಲ್ಲವೂ ನಿಂತಿದೆ. ಇದಕ್ಕೇ ಇಂಗ್ಲಿಷಿನಲ್ಲಿ ಗೇಜ್ ಎನ್ನುತ್ತಾರೆ.

ಈ ಲೆಕ್ಕದ ಕಥೆ ಹಳೆಯದು. 1589ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಕಟ್ಟಿದ. ಅದರಲ್ಲಿ ಅಂಗುಲಕ್ಕೆ ಎಂಟು ಸೂಜಿ. ಬಂದದ್ದು ಒರಟು ಉಣ್ಣೆಯ ಚೀಲ. ಒಂದನೆಯ ಎಲಿಜಬೆತ್ ರಾಣಿಗೆ ಅದು ಹಿಡಿಸಲಿಲ್ಲವಂತೆ. ಲೀ ಹಠ ಬಿಡದೆ ಅಂಗುಲಕ್ಕೆ ಇಪ್ಪತ್ತು ಸೂಜಿಯ ಯಂತ್ರ ಮಾಡಿ ರೇಷ್ಮೆಯ ಕಾಲುಚೀಲ ತೆಗೆದ. ಆದರೂ ಹಕ್ಕುಪತ್ರ ಸಿಗಲಿಲ್ಲ. ಕೈಯಿಂದ ಹೆಣೆದು ಹೊಟ್ಟೆ ಹೊರೆಯುವವರ ಅನ್ನ ಹೋದೀತು ಎಂದು ರಾಣಿ ಹೇಳಿದಳೆಂಬ ಮಾತೂ ಇದೆ. ಕೊನೆಗೆ ಲೀ ಫ್ರಾನ್ಸಿಗೆ ಹೋಗಿ ಅಲ್ಲೇ ತೀರಿಕೊಂಡ.

ಯಂತ್ರದಲ್ಲಿ ಸೂಜಿಗಳನ್ನು ಎಣಿಸಬಹುದು. ಕೈಯನ್ನು ಎಣಿಸುವುದು ಹೇಗೆ? ಒಬ್ಬರು ಬಿಗಿಯಾಗಿ ಹೆಣೆಯುತ್ತಾರೆ, ಇನ್ನೊಬ್ಬರು ಸಡಿಲವಾಗಿ. ತಾಯಿ ಮಗಳಿಗೆ ಕಲಿಸುವ ತನಕ ಇದೊಂದು ತೊಂದರೆಯೇ ಅಲ್ಲ. ಮೈಗೆ ಹಿಡಿದು ನೋಡಿದರೆ ಸಾಕು. ತೊಂದರೆ ಶುರುವಾದದ್ದು ಹೆಣಿಗೆ ಪುಸ್ತಕಕ್ಕೆ ಬಂದಾಗ. 1840ರಲ್ಲಿ ಎಡಿನ್‌ಬರೋದ ಜೇನ್ ಗಾಗೇನ್, ಅದರ ಬೆನ್ನಿಗೇ ಲಂಡನ್ನಿನ ಮಿಸ್ ಲ್ಯಾಂಬರ್ಟ್ ಹೆಣಿಗೆಯ ಪುಸ್ತಕಗಳನ್ನು ಅಚ್ಚು ಹಾಕಿಸಿದರು. ಬರೆದವರು ಒಂದು ಊರಿನಲ್ಲಿ, ಹೆಣೆಯುವವರು ಇನ್ನೊಂದು ಊರಿನಲ್ಲಿ! ಕಡ್ಡಿಯ ದಪ್ಪವಾದರೂ ಎಲ್ಲರಿಗೂ ಒಂದೇ ಇರಲೆಂದು ಮಿಸ್ ಲ್ಯಾಂಬರ್ಟ್ ತಮ್ಮ ಪುಸ್ತಕದಲ್ಲಿ ಕಡ್ಡಿ ಅಳೆಯುವ ಸಾಧನವೊಂದನ್ನು ಪರಿಚಯಿಸಿದರು.

ಆದರೂ ಗೊಂದಲ ಪೂರ್ತಿ ತೀರಲಿಲ್ಲ. ನಾಲ್ಕು ಮಿಲಿಮೀಟರ್ ಕಡ್ಡಿಗೆ ಬ್ರಿಟನ್ನಿನ ಹಳೆಯ ಪದ್ಧತಿಯಲ್ಲಿ 8ನೇ ನಂಬರ್, ಅಮೆರಿಕದಲ್ಲಿ 6ನೇ ನಂಬರ್. ಬ್ರಿಟಿಷ್ ಪದ್ಧತಿಯಲ್ಲಿ ನಂಬರ್ ಏರಿದಂತೆ ಕಡ್ಡಿ ತೆಳ್ಳಗಾಗುತ್ತದೆ, ಅಮೆರಿಕದಲ್ಲಿ ದಪ್ಪಗಾಗುತ್ತದೆ. ದೆಹಲಿಯ ಅಂಗಡಿಯಲ್ಲಿ ‘ದಸ್ ನಂಬರ್ ಕೀ ಸಲಾಯಿ’ ಕೇಳುವಾಗ ನಾವು ಆ ಹಳೆಯ ಬ್ರಿಟಿಷ್ ನಂಬರನ್ನೇ ಹೇಳುತ್ತಿರುತ್ತೇವೆ.

ಇನ್ನು ದಾರ. ಪುಸ್ತಕ ಹೇಳಿದ ದಾರವೇ ಕೈಗೆ ಸಿಗುವುದು ಸುಖದ ಕಾಲದಲ್ಲಿ ಮಾತ್ರ. ಎರಡನೆಯ ಮಹಾಯುದ್ಧದ ಸಮಯ, 1941ರ ಜೂನ್ 1ರಂದು ಬ್ರಿಟನ್ನಿನಲ್ಲಿ ಬಟ್ಟೆಗೆ ಪಡಿತರ ಬಂತು. ಹೆಣೆಯುವ ಉಣ್ಣೆಗೂ ಕೂಪನ್! ಹೆಂಗಸರು ಹಳೆಯ ಸ್ವೆಟರ್ ಬಿಚ್ಚಿ, ದಾರ ತೊಳೆದು, ಸುಕ್ಕು ಬಿಡಿಸಿ, ಬೆಳೆದ ಮಗುವಿಗೆ ಮತ್ತೆ ಹೆಣೆದರು. 1962ರ ಚೀನಾ ಯುದ್ಧದ ಸಮಯದಲ್ಲಿ ನಮ್ಮ ದೇಶದಲ್ಲೂ ಸಾವಿರಾರು ಹೆಂಗಸರು ಹಿಮದಲ್ಲಿದ್ದ ಜವಾನರಿಗಾಗಿ ಸ್ವೆಟರ್ ಹೆಣೆದದ್ದನ್ನು ನಿಮ್ಮ ಮನೆಯ ಹಿರಿಯರು ನೆನಪಿಸಿಕೊಳ್ಳಬಹುದು. ಇಂಥ ಹೊತ್ತಿನಲ್ಲಿ ಅಳತೆ ತಪ್ಪುವುದು ನಗೆಯ ಮಾತಲ್ಲ. ಮೈಗಾಗದ ಸ್ವೆಟರ್ ಚಳಿ ತಡೆಯುವುದಿಲ್ಲ, ಹಾಳಾದ ಉಣ್ಣೆಗೆ ಬದಲಿ ಸಿಗುವುದಿಲ್ಲ.

ಈ ಗಂಟನ್ನು ಅಚ್ಚುಕಟ್ಟಾಗಿ ಬಿಡಿಸಿದವರು ಎಲಿಜಬೆತ್ ಜಿಮ್ಮರ್‌ಮನ್. 1910ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈಕೆಯ ಗಂಡ ಜರ್ಮನಿಯವರು. ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟ ದಂಪತಿ ಅಮೆರಿಕ ಸೇರಿ, ಮುಂದೆ ವಿಸ್ಕಾನ್ಸಿನ್‌ನಲ್ಲಿ ನೆಲೆ ನಿಂತರು. ತಾನು ಬರೆದುಕೊಟ್ಟ ಹೆಣಿಗೆಯ ಸೂಚನೆಗಳನ್ನು ಸಂಪಾದಕರು ತಿದ್ದಿ ಬದಲಿಸಿದ್ದಕ್ಕೆ ಬೇಸತ್ತು, 1958ರಲ್ಲಿ ಈಕೆ ತನ್ನದೇ ಸಣ್ಣ ಪತ್ರಿಕೆ ಹೊರಡಿಸಿದರು. (ನಮ್ಮ ಈ ಪುಟದಂಥದ್ದೇ ಎನ್ನೋಣವೇ?) ‘ಕಣ್ಣೀರಿಲ್ಲದ ಹೆಣಿಗೆ’ ಎಂಬರ್ಥದ ಅವರ ಪುಸ್ತಕ ಬಂದದ್ದು 1971ರಲ್ಲಿ.

ಅವರ ಉಪಾಯ ಸರಳ. ಪುಸ್ತಕದ ಕುಣಿಕೆಗಳನ್ನು ನಕಲು ಮಾಡಬೇಡಿ, ಅವುಗಳ ನಡುವಿನ ಪ್ರಮಾಣವನ್ನು ಹಿಡಿಯಿರಿ. ಮೊದಲು ನಿಮ್ಮ ದಾರ, ನಿಮ್ಮ ಕಡ್ಡಿಯಲ್ಲಿ ಅಂಗೈಯಗಲದ ತುಂಡು ಹೆಣೆದು, ಅಂಗುಲಕ್ಕೆ ಎಷ್ಟು ಕುಣಿಕೆ ಎಂದು ಎಣಿಸಿ. ಅದನ್ನು ಬೇಕಾದ ಎದೆಯ ಸುತ್ತಳತೆಯಿಂದ ಗುಣಿಸಿ. ಬಂದದ್ದು ನೂರು ಪಾಲು. ಮುಂಗೈಗೆ ಅದರಲ್ಲಿ ಸುಮಾರು 20 ಪಾಲು, ಕುತ್ತಿಗೆಗೆ ಸುಮಾರು 40 ಪಾಲು.

ಅಪ್ಪನ ಸ್ವೆಟರ್‌ಗೇ ಬರೋಣ. ಸುತ್ತಳತೆ 40 ಅಂಗುಲ ಬೇಕಿತ್ತು. ಪುಸ್ತಕದ ದಾರದಲ್ಲಿ ಅಂಗುಲಕ್ಕೆ 5 ಕುಣಿಕೆ, ಹಾಗಾಗಿ 200. ನನ್ನ ದಾರದಲ್ಲಿ ಬರುತ್ತಿದ್ದದ್ದು 4. ಹಾಕಬೇಕಿದ್ದದ್ದು 160, ಮುಂಗೈಗೆ 32, ಕುತ್ತಿಗೆಗೆ 64. ನಾನು 200 ಹಾಕಿ 50 ಅಂಗುಲದ ಗೋಣಿಚೀಲ ಮಾಡಿದ್ದೆ! ಅರ್ಧ ಕುಣಿಕೆಯ ವ್ಯತ್ಯಾಸವಿದ್ದರೂ ನಾಲ್ಕು ಅಂಗುಲಕ್ಕಿಂತ ಹೆಚ್ಚು ದೊಡ್ಡದಾಗುತ್ತಿತ್ತು. ಎತ್ತರಕ್ಕೂ ಅಷ್ಟೇ, ಸಾಲುಗಳನ್ನು ಎಣಿಸುವ ಬದಲು ಟೇಪು ಹಿಡಿದು ಅಳೆಯಬೇಕು. ಹೂವಿನ ಚಿತ್ತಾರ ಎಂಟು ಕುಣಿಕೆಗೊಮ್ಮೆ ಮರಳುವುದಾದರೆ ಒಟ್ಟು ಸಂಖ್ಯೆ ಎಂಟರಿಂದ ಭಾಗವಾಗುವಂತೆ ಒಂದೆರಡು ಹೆಚ್ಚು ಕಡಿಮೆ ಮಾಡಿಕೊಳ್ಳಬೇಕು.

ಜಿಮ್ಮರ್‌ಮನ್ 1999ರಲ್ಲಿ ತೀರಿಕೊಂಡರು. ಅವರು ಕೊಟ್ಟದ್ದು ಒಂದು ಸೂತ್ರವಷ್ಟೇ ಅಲ್ಲ, ಧೈರ್ಯ ಕೂಡ. ಅಚ್ಚಾದ ಮಾತಿಗಿಂತ ನಿನ್ನ ಕೈಯ ಲೆಕ್ಕವನ್ನು ನಂಬು ಎಂದು ಮನೆಯ ಹೆಣ್ಣುಮಗಳಿಗೆ ಹೇಳಿದವರು ಎಷ್ಟು ಜನ?

ಅಪ್ಪ ಆ ಗೋಣಿಚೀಲವನ್ನು ಎರಡು ಚಳಿಗಾಲ ಹಾಕಿಕೊಂಡರು, ಒಂದು ಮಾತೂ ಆಡದೆ. ಮೂರನೆಯ ವರ್ಷ ನಾನೇ ಅದನ್ನು ಬಿಚ್ಚಿ, 160 ಕುಣಿಕೆ ಹಾಕಿ ಮತ್ತೆ ಹೆಣೆದೆ. ಉಳಿದ ನೀಲಿ ದಾರದಲ್ಲಿ ಚಿಕ್ಕಪ್ಪನಿಗೂ ಒಂದು ಟೋಪಿ ಆಯಿತು!