ಗಳಿಕೆ ದತ್ತಾಂಶ ಟೂಲ್

ಗಳಿಕೆ ದತ್ತಾಂಶ ಟೂಲ್ : ಷೇರುಪೇಟೆಯಲ್ಲಿರುವ ಕಂಪನಿಗಳ ವರಮಾನ, ನಿವ್ವಳ ಲಾಭ, ಪ್ರತಿ ಷೇರಿನ ಗಳಿಕೆ ಅರ್ಥಾತ್ ಇಪಿಎಸ್ ಮುಂತಾದ ಅಂಕಿಗಳನ್ನು ಎಐ ಏಜೆಂಟ್‌ಗಳಿಗೆ ಒದಗಿಸುವ ತಂತ್ರಾಂಶ. ಪ್ರಶ್ನೆ ಬಂದಾಗ ಯಾವ ಟೂಲನ್ನು ಕರೆಯಬೇಕೆಂದು ಏಜೆಂಟ್ ತಾನೇ ತೀರ್ಮಾನಿಸುತ್ತದೆ. ಆಗ ಅದರ ಮುಂದಿರುವುದು ಟೂಲಿನ ಹೆಸರು, ನಾಲ್ಕಾರು ಸಾಲಿನ ವಿವರಣೆ, ಕೊಡಬೇಕಾದ ವಿವರಗಳ ಪಟ್ಟಿ, ಇಷ್ಟೇ. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಈ ವಿವರಣೆಗೆ ಒಂದು ಏಕರೂಪ ಕೊಟ್ಟಿತು. ಬ್ರೋಕರ್ ಕಚೇರಿಯ ಗುಮಾಸ್ತರಾದರೆ ಅಂಕಿ ವಿಚಿತ್ರವಾಗಿ ಕಂಡಾಗ ಪಕ್ಕದ ಮೇಜಿನವರನ್ನು ಕೇಳಿಯಾರು. ಏಜೆಂಟ್ ಬಹುಮಟ್ಟಿಗೆ ಬಂದ ಅಂಕಿಯನ್ನೇ ನಂಬಿ ಉತ್ತರ ಬರೆದುಬಿಡುತ್ತದೆ. ಆದ್ದರಿಂದ ವಿವರಣೆ ಕೆಟ್ಟರೆ ಟೂಲೇ ಕೆಟ್ಟಂತೆ.

ಅಮೆರಿಕದ ಕಂಪನಿಗಳ ಮಟ್ಟಿಗೆ ಮೂಲ ಆಕರ ಅಲ್ಲಿನ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ‘ಎಡ್ಗರ್’ ಭಂಡಾರ. ಕಂಪನಿಗಳು ಮೂರು ತ್ರೈಮಾಸಿಕಗಳಿಗೆ 10-ಕ್ಯೂ, ವರ್ಷಕ್ಕೊಮ್ಮೆ 10-ಕೆ ಎಂಬ ವರದಿ ಸಲ್ಲಿಸುತ್ತವೆ. ಫಲಿತಾಂಶದ ಪತ್ರಿಕಾ ಪ್ರಕಟಣೆ 8-ಕೆ ಮೂಲಕ ಬರುತ್ತದೆ. 2009ರಿಂದ ಹಂತಹಂತವಾಗಿ ಕಡ್ಡಾಯವಾದ ಎಕ್ಸ್‌ಬಿಆರ್‌ಎಲ್ ಪದ್ಧತಿಯಲ್ಲಿ ಪ್ರತಿ ಅಂಕಿಗೂ ಯಂತ್ರ ಓದಬಲ್ಲ ಹಣೆಪಟ್ಟಿ ಇರುತ್ತದೆ. ಭಂಡಾರ ಉಚಿತ, ಸೆಕೆಂಡಿಗೆ ಹತ್ತಕ್ಕಿಂತ ಹೆಚ್ಚು ಸಲ ಕರೆಯುವಂತಿಲ್ಲ. ಕಂಪನಿಯನ್ನು ಸಿಐಕೆ ಸಂಖ್ಯೆಯಿಂದ ಗುರುತಿಸುತ್ತಾರೆ. ಟೆಸ್ಲಾದ್ದು 1318605, ಕರೆಯುವಾಗ ಮುಂದೆ ಸೊನ್ನೆಗಳನ್ನಿಟ್ಟು ಹತ್ತಂಕಿ ಮಾಡಬೇಕು. ವಿಶ್ಲೇಷಕರ ನಿರೀಕ್ಷೆಯ ಅಂಕಿಗಳು ಮಾತ್ರ ಇಲ್ಲಿ ಸಿಗುವುದಿಲ್ಲ, ಅವನ್ನು ಖಾಸಗಿ ಸಂಸ್ಥೆಗಳಿಂದ ಕೊಳ್ಳಬೇಕು.

ನಿಜವಾದ ತೊಡಕು ‘ತ್ರೈಮಾಸಿಕ’ ಎಂಬ ಮಾತಿನಲ್ಲೇ ಇದೆ. ಟೆಕ್ಸಸ್ ರಾಜ್ಯದ ಮೂರು ನಗರಗಳನ್ನು ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. ಡಲ್ಲಾಸ್‌ನ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್, ಎಟಿ ಅಂಡ್ ಟಿ, ಸೌತ್‌ವೆಸ್ಟ್ ಏರ್‌ಲೈನ್ಸ್‌ಗಳಿಗೆ ಡಿಸೆಂಬರ್ 31ಕ್ಕೆ ವರ್ಷ ಮುಗಿಯುತ್ತದೆ. ಅದೇ ನಗರಕ್ಕೆ ಹೊಂದಿಕೊಂಡ ಅರ್ವಿಂಗ್‌ನಲ್ಲಿರುವ ಔಷಧ ವಿತರಕ ಮೆಕೆಸನ್ನಿನ ವರ್ಷ ನಮ್ಮ ಕಂಪನಿಗಳಂತೆ ಮಾರ್ಚ್ 31ಕ್ಕೆ ಕೊನೆ. ಹ್ಯೂಸ್ಟನ್‌ನ ಆಹಾರ ವಿತರಕ ಸಿಸ್ಕೊಗೆ ಜೂನ್ 30ಕ್ಕೆ ಹತ್ತಿರದ ಶನಿವಾರ. ಆಸ್ಟಿನ್‌ನಲ್ಲಿ ಟೆಸ್ಲಾಕ್ಕೆ ಡಿಸೆಂಬರ್, ಒರಾಕಲ್‌ಗೆ ಮೇ 31; ಪಕ್ಕದ ರೌಂಡ್ ರಾಕ್‌ನ ಡೆಲ್‌ಗೆ ಜನವರಿ 31ಕ್ಕೆ ಹತ್ತಿರದ ಶುಕ್ರವಾರ. ಡೆಲ್‌ನ ‘2025ನೇ ಹಣಕಾಸು ವರ್ಷ’ದಲ್ಲಿ 2025ರ ಪಾಲು ಒಂದೇ ತಿಂಗಳು! ‘2024ರ ಮೂರನೇ ತ್ರೈಮಾಸಿಕದ ಲಾಭವೆಷ್ಟು’ ಎಂದು ಯಾರಾದರೂ ಕೇಳಿದರೆ, ಕ್ಯಾಲೆಂಡರ್ ವರ್ಷವೋ ಹಣಕಾಸು ವರ್ಷವೋ ಎಂದು ಟೂಲಿನ ವಿವರಣೆಯೇ ಮೊದಲು ಹೇಳಿರಬೇಕು. ಉತ್ತರದಲ್ಲಿ ಅವಧಿ ಆರಂಭವಾದ ಮತ್ತು ಮುಗಿದ ದಿನಾಂಕಗಳೂ ಇರಬೇಕು.

ಭಂಡಾರದೊಳಗೇ ಇನ್ನೊಂದು ಗುಂಡಿ ಇದೆ, ಹೊಸಬರೆಲ್ಲ ಬೀಳುವಂಥದ್ದು. ಎಸ್‌ಇಸಿಯ ದತ್ತಾಂಶದಲ್ಲಿ ಪ್ರತಿ ಅಂಕಿಯ ಜೊತೆ ಬರುವ ‘ಎಫ್‌ವೈ’ ಸೂಚಿಸುವುದು ಆ ಅಂಕಿ ಅಡಕವಾಗಿರುವ ವರದಿಯ ವರ್ಷವನ್ನು. ಹೋಲಿಕೆಗೆಂದು ಅದೇ ವರದಿಯಲ್ಲಿ ಮುದ್ರಿಸಿದ ಹಿಂದಿನ ವರ್ಷದ ಲಾಭಕ್ಕೂ ಈ ವರ್ಷದ್ದೇ ಮುದ್ರೆ ಬಿದ್ದಿರುತ್ತದೆ. ನಾಲ್ಕನೇ ತ್ರೈಮಾಸಿಕಕ್ಕಂತೂ ಪ್ರತ್ಯೇಕ 10-ಕ್ಯೂ ಇಲ್ಲವೇ ಇಲ್ಲ. ಇಡೀ ವರ್ಷದಿಂದ ಒಂಬತ್ತು ತಿಂಗಳನ್ನು ಕಳೆದು ತೆಗೆಯಬೇಕು. ನಿವ್ವಳ ಲಾಭಕ್ಕೆ ಈ ಕಳೆಯುವ ಲೆಕ್ಕ ಸರಿ. ಇಪಿಎಸ್‌ಗೆ ಸರಿಹೋಗದು, ಏಕೆಂದರೆ ಪ್ರತಿ ಅವಧಿಯಲ್ಲೂ ಷೇರುಗಳ ಸರಾಸರಿ ಸಂಖ್ಯೆ ಬೇರೆ. ಕಳೆದು ಪಡೆದ ಅಂಕಿಯನ್ನು ಕಂಪನಿಯೇ ಹೇಳಿದ ಅಂಕಿಯೆಂಬಂತೆ ಕೊಡುವ ಟೂಲ್ ಸುಳ್ಳು ಹೇಳಿದಂತೆಯೇ.

ಹಳೆಯ ಅಂಕಿಗಳೂ ಬದಲಾಗುತ್ತವೆ. 2022ರ ಎರಡನೇ ತ್ರೈಮಾಸಿಕಕ್ಕೆ ಟೆಸ್ಲಾ ಪ್ರಕಟಿಸಿದ ಇಪಿಎಸ್ 1.95 ಡಾಲರ್. ಆಗಸ್ಟ್‌ನಲ್ಲಿ ಒಂದು ಷೇರು ಮೂರಾದ ಮೇಲೆ ಅದೇ ಗಳಿಕೆ 0.65 ಆಯಿತು. ಎರಡೂ ಸರಿ, ಯಾವುದನ್ನು ಕೊಡುತ್ತಿದ್ದೇನೆಂದು ಟೂಲ್ ಹೇಳಬೇಕು. ಹ್ಯೂಸ್ಟನ್‌ನ ಎನ್ರಾನ್ ಕಥೆ ಬೇರೆ. ಆ ಕಂಪನಿ 2001ರ ನವೆಂಬರ್ 8ರಂದು 1997ರಿಂದೀಚಿನ ತನ್ನ ಲೆಕ್ಕಗಳನ್ನು ತಿದ್ದಿ ಲಾಭವನ್ನು 50 ಕೋಟಿ ಡಾಲರ್‌ಗೂ ಹೆಚ್ಚು ಇಳಿಸಿತು, ಡಿಸೆಂಬರ್ 2ರಂದು ದಿವಾಳಿ ಅರ್ಜಿ ಹಾಕಿತು. ತಿದ್ದಿದ ಅಂಕಿಯನ್ನಷ್ಟೇ ಉಳಿಸಿಕೊಂಡ ಟೂಲಿಗೆ, 2000ದಲ್ಲಿ ಹೂಡಿಕೆದಾರರ ಕಣ್ಣಿಗೆ ಎನ್ರಾನ್ ಹೇಗೆ ಕಂಡಿತ್ತೆಂದು ಹೇಳಲಾಗದು. ಅದಕ್ಕಾಗಿ ಒಳ್ಳೆಯ ಟೂಲ್‌ಗಳು ಅಂಕಿಯ ಜೊತೆ ಅದು ಸಲ್ಲಿಕೆಯಾದ ದಿನಾಂಕವನ್ನೂ ಇಟ್ಟುಕೊಳ್ಳುತ್ತವೆ.

ಎಡ್ಗರ್‌ನಲ್ಲಿ ಇರುವುದು ಅಮೆರಿಕದ ಕಂಪನಿಗಳಷ್ಟೇ ಅಲ್ಲ. ಬೆಂಗಳೂರಿನ ಇನ್ಫೊಸಿಸ್ ನ್ಯೂಯಾರ್ಕ್ ಷೇರುಪೇಟೆಯಲ್ಲೂ ಇದೆ. ವಿದೇಶಿ ಕಂಪನಿಯಾದ್ದರಿಂದ ಅದು 10-ಕ್ಯೂ ಸಲ್ಲಿಸುವುದಿಲ್ಲ. ತ್ರೈಮಾಸಿಕ ಫಲಿತಾಂಶ 6-ಕೆಯಲ್ಲಿ, ವಾರ್ಷಿಕ ವರದಿ 20-ಎಫ್‌ನಲ್ಲಿ ಬರುತ್ತದೆ. ಟೆಕ್ಸಸ್ ಕಂಪನಿಗಳನ್ನಷ್ಟೇ ನೆನೆದು ಬರೆದ ಟೂಲಿನಲ್ಲಿ ಇನ್ಫೊಸಿಸ್‌ನ 10-ಕ್ಯೂ ಹುಡುಕಿದರೆ ಉತ್ತರ ಖಾಲಿ.